ಸುಣ್ಣದ ಗೋಡೆಗಳು ಮತ್ತು ನನ್ನ ಗರ್ಡರು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಕೂರುವ ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ತೊಲೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಗೋಡೆಯ ಮೇಲೆ ಎಷ್ಟು ಕೂತಿದೆ, ನಡುವೆ ಹೊಟ್ಟೆ ಬಿಟ್ಟಿದೆಯೇ ಎಂದು ನೋಡಿಕೊಂಡು, ಆಮೇಲೆ ಗೋಡೆಗೆ ಒತ್ತಿಕೊಂಡಿರುವ ಕುರ್ಚಿಯನ್ನೇ ಹುಡುಕಿ ಕೂರುತ್ತೇನೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಹಾಗೆ ನೋಡುತ್ತಾ ನಿಂತಿದ್ದಾಗ ಮನೆಯ ಯಜಮಾನರು ಹತ್ತಿರ ಬಂದು, "ಚನ್ನಬಸಪ್ಪನೋರೆ, ಇನ್ನೂ ಹಾಲು ಉಕ್ಕಿಲ್ಲ ಮಾರಾಯ್ರೆ, ಆಗಲೇ ರೇಟು ಕಟ್ತಾ ಇದೀರಲ್ಲ!" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆ ಕೊಂಡು ಮಾರಿ ಬದುಕಿದವನು ನಾನು. ಜನ ಹಾಗೆ ಅಂದುಕೊಳ್ಳುವುದು ಸಹಜ. ನನಗೂ ಅದೇ ಕ್ಷೇಮ. ವ್ಯಾಪಾರಸ್ಥನನ್ನು ಆಸೆಬುರುಕ ಎಂದರೆ ಗಿರಾಕಿ ಬರುತ್ತಾನೆ, ಹೆದರುಪುಕ್ಕಲ ಎಂದರೆ ಬರುವುದಿಲ್ಲ.

ನಿಜ ಏನೆಂದರೆ, ನಾನು ಹೆದರಿ ನೋಡುವುದು.

ಹೆದರಿಕೆಯ ಕಥೆಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಬಿಡಿ. ಹಳೆಯ ಮನೆ ಕೊಳ್ಳಲು ಹೋದರೆ ಹೊಸದಾಗಿ ಬಣ್ಣ ಬಳಿದ ಜಾಗವನ್ನೇ ಮೊದಲು ನೋಡಿ. ಮನೆಯೆಲ್ಲ ಹಳೆಯದಾಗಿ ಒಂದು ಗೇಣು ಮಾತ್ರ ಹೊಸ ಬಣ್ಣ ಇದ್ದರೆ, ಆ ಗೇಣಿನ ಹಿಂದೆ ಏನೋ ಇದೆ. ಈ ಬುದ್ಧಿ ನನಗೆ ಮೂವತ್ತೈದು ದಾಟಿದ ಮೇಲೆ ಬಂತು. ಮೊದಲೇ ಬಂದಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ಈ ಅಭ್ಯಾಸವೂ ಇರುತ್ತಿರಲಿಲ್ಲ.

ನನ್ನ ಊರು ಕುಂಸಿ. ಚೌಕಾಸಿಯನ್ನು ನನಗೆ ಕಲಿಸಿದವಳು ನಮ್ಮವ್ವ. ಸಂತೆಯ ದಿನ ಕೈಗೆ ಕಾಸು ಕೊಟ್ಟು ಕಳಿಸುವಾಗ ಅವಳದು ಒಂದೇ ಉಪದೇಶ: "ಮಾರೋನು ಏನು ಹೇಳಿದ್ರೂ ಕಿವಿಗೆ ಹಾಕ್ಕೋಬೇಡ. ಅರ್ಧಕ್ಕೆ ಕೇಳು, ಕೊಡಲಿಲ್ಲ ಅಂದ್ರೆ ಎದ್ದು ನಡಿ. ಕರೀತಾನೆ." ಕರೆಯುತ್ತಿದ್ದರು. ಹತ್ತು ಹೆಜ್ಜೆ ನಡೆದು ಬೆನ್ನ ಹಿಂದೆ ಆ ಕೂಗು ಕೇಳುವುದಿದೆಯಲ್ಲ, ಅದರ ರುಚಿ ಬೆಲ್ಲದಲ್ಲೂ ಇಲ್ಲ. ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗಿಟ್ಟು ಕೇಳುವುದನ್ನೂ ಅವಳೇ ಕಲಿಸಿದಳು. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಬಿರುಕು. ಮಾರುವವನನ್ನು ನಂಬಬಾರದು, ಮಾಲನ್ನು ತಟ್ಟಿ ನೋಡಬೇಕು. ಈ ಎರಡೇ ಪಾಠ ಇಟ್ಟುಕೊಂಡು ನಾನು ಶಿವಮೊಗ್ಗಕ್ಕೆ ಬಂದೆ, ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ ಹಾಕಿದೆ, ಮದುವೆಯಾದೆ, ಒಬ್ಬಳು ಮಗಳ ಅಪ್ಪನಾದೆ.

ಶಿವಲಿಂಗಯ್ಯ ಮೇಷ್ಟ್ರ ಪರಿಚಯವಾದದ್ದು ಆಮೇಲೆ, ಹೊಸ ಪೈಸೆ ಬಂದು ಜನ ಲೆಕ್ಕ ತಪ್ಪಿ ಜಗಳವಾಡುತ್ತಿದ್ದ ದಿನಗಳಲ್ಲಿ. ಅವರು ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಬೆಳಿಗ್ಗೆ ಮಗ್ಗಿ, ಕನ್ನಡ, ಇಂಗ್ಲಿಷು. ಮಧ್ಯಾಹ್ನ ಚಿತ್ರ, ಸಂಗೀತ, ನಾಟಕ, ಡಾನ್ಸು. ಹೀಗೊಂದು ಶಾಲೆ ಮಾಡಬೇಕೆಂದು ಅವರಿಗೆ ಹುಚ್ಚು. ವಿದ್ಯಾನಗರದಲ್ಲಿ ಜಾಗ ಇತ್ತು. ಆಗ ವಿದ್ಯಾನಗರ ಅಂದರೆ ನಂಬರಿನ ಕಲ್ಲು ನೆಟ್ಟ ಬಯಲು, ಅಲ್ಲೊಂದು ಇಲ್ಲೊಂದು ಮನೆ. ಮೇಷ್ಟ್ರಿಗೆ ಬಾಗಿಲು ಬೇಕಂತೆ ಎಂದು ಯಾರೋ ಹೇಳಿದರು. ನಾನು ಸೈಕಲ್ಲು ಹತ್ತಿ ಹೋದೆ.

ಹೋಗಿ ನೋಡಿದರೆ ಕಟ್ಟಡವೇ ಇಲ್ಲ. ಬಯಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದಾರೆ. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಕೂತಿದ್ದಾರೆ. ನಾನು ನೇರವಾಗಿ ಅವರ ಕಡೆಗೆ ನಡೆದೆ. ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು.

"ಅಯ್ಯಯ್ಯೋ! ಮಾವ ಗೋಡೆ ತುಳಿದ್ರು!"

ಕಾಲ ಕೆಳಗೆ ನೋಡಿದೆ. ನೆಲದ ಮೇಲೆ ಸುಣ್ಣದ ಪುಡಿಯ ಬಿಳಿ ಗೆರೆ.

"ಬಾಗಿಲು ಆ ಕಡೆ ಇದೆ. ಹೊರಗೆ ಹೋಗಿ ಸುತ್ತಿ ಬನ್ನಿ" ಎಂದರು ಮೇಷ್ಟ್ರು, ನಗದೆ.

ಬಾಗಿಲು ಮಾರಲು ಹೋದ ನಾನು, ಇಲ್ಲದ ಬಾಗಿಲನ್ನು ಹುಡುಕಿಕೊಂಡು ಸುತ್ತು ಹಾಕಿ ಒಳಗೆ ಬಂದೆ. ಮುಂದಿನ ಸಾಲಿನ ಒಂದು ಹುಡುಗಿ, "ಚಪ್ಪಲಿ ಹೊರಗೆ ಬಿಡಿ" ಎಂದಳು. ಬಿಟ್ಟೆ.

ಅದು ಮೇಷ್ಟ್ರ ಪದ್ಧತಿ. ಎಂಜಿನಿಯರು ಇಲ್ಲ, ನಕ್ಷೆ ಇಲ್ಲ. ಯಾವ ಕೋಣೆ ಕಟ್ಟಬೇಕೋ ಅದನ್ನು ಮೊದಲು ನೆಲದ ಮೇಲೆ ಸುಣ್ಣದಲ್ಲಿ ಪೂರ್ತಿ ಅಳತೆಗೆ ಬರೆಯುವುದು. ಗೋಡೆ, ಬಾಗಿಲು, ಕಿಟಕಿ ಎಲ್ಲ. ಒಂದೆರಡು ವಾರ ಮಕ್ಕಳು ಅದರೊಳಗೇ ಕೂತು ಪಾಠ ಕೇಳಬೇಕು. ಗೋಡೆ ದಾಟಿದವನು ಮತ್ತೆ ಹೊರಗೆ ಹೋಗಿ ಬಾಗಿಲಿಂದ ಬರಬೇಕು. ಓಡುವಂತಿಲ್ಲ, ಒಬ್ಬೊಬ್ಬರಾಗಿ. "ಎಲ್ಲಿ ಬಿಸಿಲು ಕಣ್ಣಿಗೆ ಹೊಡೆಯತ್ತೆ, ಎಲ್ಲಿ ಹಿಂದಿನವರಿಗೆ ಮಾತು ಕೇಳಿಸಲ್ಲ, ಎಲ್ಲಾ ಅವರೇ ಹೇಳ್ತಾರೆ" ಎನ್ನುತ್ತಿದ್ದರು. "ಸುಣ್ಣ ಅಳಿಸಬಹುದು ಚನ್ನಬಸಪ್ಪ, ಕಲ್ಲು ಅಳಿಸೋಕಾಗಲ್ಲ." ಬೇವಿನ ಮರದ ನೆರಳು ಸಿಗುವುದಿಲ್ಲವೆಂದು ಒಂದು ಕೋಣೆ ನಾಲ್ಕು ಸಲ ಜಾಗ ಬದಲಿಸಿದ್ದನ್ನು ನಾನೇ ನೋಡಿದ್ದೇನೆ. ಒಂದು ಸಲ ರಾತ್ರಿ ದನ ನುಗ್ಗಿ ಒಂದನೇ ಕ್ಲಾಸಿನ ಗೋಡೆ ತುಳಿದುಬಿಟ್ಟಿತು. ಮರುದಿನ ಮಕ್ಕಳು, "ಸಾರ್, ನಮ್ಮ ಸ್ಕೂಲು ಬಿದ್ದೋಗಿದೆ" ಎಂದು ಅಳುತ್ತಾ ನಿಂತಿದ್ದವು.

ಹೀಗೆ ಗೆರೆಯೊಳಗಿಂದ ಒಂದೊಂದೇ ಕೋಣೆ ಎದ್ದಿತು. ದುಡ್ಡು ಕೊಡುವವರು ಇರಲಿಲ್ಲ, ಸಾಮಾನು ಕೊಡುವವರು ಇದ್ದರು. ಬಿಚ್ಚಿದ ಬಂಗಲೆಯ ಹೆಂಚು ಒಬ್ಬರದು, ಮಿಲ್ಲಿನ ಕಿಟಕಿ ಇನ್ನೊಬ್ಬರದು. ಜಗಲಿಗೆ ಒಂಬತ್ತು ಕಂಬ ಬಂದವು, ಒಂಬತ್ತೂ ಬೇರೆ ಬೇರೆ ಮನೆಯವು. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಮೇಷ್ಟ್ರು ಕುಳ್ಳ ಕಂಬಗಳ ಕೆಳಗೆ ಎತ್ತರದ ಕಲ್ಲಿಟ್ಟು ಸರಿದೂಗಿಸಿದರು. ನೋಡಿದರೆ ಮಕ್ಕಳು ಮಣೆ ಹತ್ತಿ ನಿಂತು ಎತ್ತರ ತೋರಿಸುತ್ತಿರುವಂತೆ ಕಾಣುತ್ತಿತ್ತು. ಯಾರು ಏನು ಕೊಟ್ಟರೋ ಅದರ ಮೇಲೆ ಅವರ ಹೆಸರನ್ನು ಮೇಷ್ಟ್ರು ಬಿಳಿ ಬಣ್ಣದಲ್ಲಿ ದುಂಡಗೆ ಬರೆಯುತ್ತಿದ್ದರು. ಕಂಬಕ್ಕೆ ಕಂಬದವರ ಹೆಸರು, ಕಿಟಕಿಗೆ ಕಿಟಕಿಯವರ ಹೆಸರು. ಪುಸ್ತಕ ಇಡುವ ಗೋಡೆಯ ನಾಗಂದಿಗೆಗೂ ಒಂದು ಹೆಸರಿತ್ತು.

ನಾನು ಎಲ್ಲರಿಗೂ ಚೌಕಾಸಿ ಮಾಡಿಕೊಡುತ್ತಿದ್ದೆ. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ನನ್ನ ಮಗಳು ನಾಗವೇಣಿ, ನಮ್ಮ ಬಾಯಲ್ಲಿ ವೇಣಿ, ಅಲ್ಲೇ ಓದುತ್ತಿದ್ದಳು. ಒಂದು ದಿನ, "ಅಪ್ಪಾ, ಎಲ್ಲರ ಅಪ್ಪನ ಹೆಸರೂ ಇದೆ, ನಿಂದಿಲ್ಲ" ಎಂದಳು. ಎಂಟು ವರ್ಷದ ಮಗುವಿನ ಮಾತು. ಆದರೆ ಅದು ಒಳಗೆ ಹೋಗಿ ಕೂತುಬಿಟ್ಟಿತು.

ಆಗಲೇ ಮೇಷ್ಟ್ರು ದೊಡ್ಡ ಹಾಲಿಗೆ ಸುಣ್ಣದ ಗೆರೆ ಹಾಕಿದ್ದು. ಕೆಳಗೆ ಸಂಗೀತ ನಾಟಕಕ್ಕೆ ಹಾಲು, ಅದರ ಮೇಲೆ ಮರದ ಪಕ್ಕಾಸುಗಳ ಸಾಲಿಗೆ ಇಟ್ಟಿಗೆ ಗಾರೆ ಹಾಸಿದ ಮದ್ರಾಸ್ ತಾರಸಿ, ತಾರಸಿಯ ಮೇಲೆ ತಗಡಿನ ಚಪ್ಪರದಡಿ ಡಾನ್ಸ್ ಕ್ಲಾಸು. ಆ ಪಕ್ಕಾಸುಗಳ ಭಾರ ಹೊರಲು ನಡುವೆ ಅಡ್ಡಲಾಗಿ, ಈ ಗೋಡೆಯಿಂದ ಆ ಗೋಡೆಗೆ, ಒಂದೇ ಒಂದು ಉದ್ದನೆಯ ಕಬ್ಬಿಣದ ಗರ್ಡರು ಬೇಕು.

"ಅದು ನಂದು ಮೇಷ್ಟ್ರೇ" ಎಂದೆ. "ಬೇರೆ ಯಾರನ್ನೂ ಕೇಳಬೇಡಿ."

ಮಾರನೆಯ ದಿನವೇ ಭದ್ರಾವತಿಯ ರೈಲು ಹತ್ತಿದೆ. ಓಲ್ಡ್ ಟೌನಿನಲ್ಲಿ ಮುನಿಸ್ವಾಮಿ ಅಂತ ಒಬ್ಬ ಹಳೆ ಕಬ್ಬಿಣದ ವ್ಯಾಪಾರಿ. ಸೇಲಂ ಕಡೆಯವನು, ಎಷ್ಟೋ ವರ್ಷ ಅಲ್ಲಿಲ್ಲಿ ಕೂಲಿ ಮಾಡಿ ಆಮೇಲೆ ಅಂಗಡಿ ಹಾಕಿದವನು. ಅವನ ಅಂಗಳದಲ್ಲಿ ಎರಡು ಗರ್ಡರು ಬಿದ್ದಿದ್ದವು. ಒಂದು ತುಕ್ಕು ಹಿಡಿದು ಮುದಿ ಎಮ್ಮೆಯ ಹಾಗಿತ್ತು. ಇನ್ನೊಂದು ಕೆಂಪು ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗಿತ್ತು. ಬೆಲೆ ಕೇಳಿದೆ. ತುಕ್ಕಿನದೇ ಹೆಚ್ಚು.

ನನಗೆ ನಗು ಬಂತು. "ಏನ್ ಮುನಿಸ್ವಾಮಿ, ಕಣ್ಣಿಗೆ ಮಣ್ಣು ಹಾಕ್ತೀಯಾ? ಚೆನ್ನಾಗಿರೋದು ಅಗ್ಗ, ಕೆಟ್ಟಿರೋದು ತುಟ್ಟಿ?"

"ಅಣ್ಣಾ, ಅದು ಒಂದೇ ಪೀಸು. ಇದು ಬೇಡ ಸಾಮಿ. ಇದು ನಡೂಲಿ ವೆಲ್ಡಿಂಗ್ ಆಗಿರೋ ಮಾಲು. ಯಾರೋ ಎರಡು ತುಂಡು ಸೇರಿಸಿ, ಉಜ್ಜಿ, ಪೇಂಟ್ ಹೊಡೆದವ್ರೆ. ನಾನು ಹರಾಜಲ್ಲಿ ಹಂಗೇ ತಗೊಂಡಿದ್ದು."

"ನೀನು ನೋಡಿದ್ಯಾ ವೆಲ್ಡಿಂಗು?"

"ಎಣ್ಣೆ ಬಟ್ಟೆಲಿ ಒರೆಸಿದ್ರೆ ಗೊತ್ತಾಗ್ತದೆ. ದನದ ಕೊಟ್ಟಿಗೆಗೆ ಆದ್ರೆ ತಗೊಂಡು ಹೋಗು. ಮೇಲೆ ಜನ ಓಡಾಡೋ ಜಾಗಕ್ಕೆ ಬೇಡ. ಏನಕ್ಕೆ ಬೇಕು ನಿಂಗೆ?"

ಇಲ್ಲೇ ನೋಡಿ ನಾನು ಎಡವಿದ್ದು. ಏನಕ್ಕೆ ಬೇಕು ಎಂದು ಮಾರುವವನು ಕೇಳಿದರೆ ಹೇಳಬಾರದು, ಬೆಲೆ ಏರಿಸುತ್ತಾನೆ. ಇದು ನಮ್ಮ ಕಸುಬಿನ ಮೊದಲ ಅಕ್ಷರ. ಅಗ್ಗದ್ದನ್ನು ತಾನೇ ಹಳಿದು ತುಟ್ಟಿಯದಕ್ಕೆ ಗಿರಾಕಿಯನ್ನು ತಳ್ಳುವುದು ಅದಕ್ಕಿಂತ ಹಳೆಯ ಆಟ. ನಾನೇ ಎಷ್ಟು ಜನರ ಮುಂದೆ ಆಡಿದ್ದೇನೆ! ಇವನು ನನಗೇ ಕಲಿಸಲು ಬಂದಿದ್ದಾನೆ ಎನ್ನಿಸಿತು. ಕಲ್ಲೊಂದನ್ನು ಎತ್ತಿಕೊಂಡು ಕೆಂಪು ಗರ್ಡರಿನ ತುದಿಗೆ ತಟ್ಟಿ ಬಗ್ಗಿ ಕಿವಿ ಇಟ್ಟೆ. ಟಣ್ ಎಂದಿತು. ನಮ್ಮವ್ವನ ಮಡಕೆ ಪರೀಕ್ಷೆ! ಮುನಿಸ್ವಾಮಿ ನನ್ನನ್ನೇ ನೋಡುತ್ತಾ ನಿಂತಿದ್ದ.

"ಕೊಟ್ಟಿಗೆಗೇ ಬೇಕು" ಎಂದೆ. "ಇದರಲ್ಲೇ ಇನ್ನಷ್ಟು ಇಳಿಸು."

ಇಳಿಸಿದ. ಎದ್ದು ನಡೆದೆ. ಕರೆದ. ಇನ್ನಷ್ಟು ಇಳಿಸಿದ. ಲಾರಿಗೆ ಹೇರಿಸುವಾಗ ಮತ್ತೊಮ್ಮೆ, "ಕೊಟ್ಟಿಗೆ ತಾನೇ ಅಣ್ಣಾ?" ಎಂದು ಕೇಳಿದ. ನಾನು ತಲೆಯಾಡಿಸಿದೆ. ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ಮಗುವನ್ನು ಸ್ವಲ್ಪ ಆಚೆ ಸರಿಸಿಕೊಂಡಳು.

ಹಾಲು ಎದ್ದಿತು. ಗರ್ಡರಿನ ನಟ್ಟ ನಡುವೆ ಮೇಷ್ಟ್ರು ಏಣಿ ಹತ್ತಿ ದುಂಡು ಅಕ್ಷರದಲ್ಲಿ ಬರೆದರು: 'ಚನ್ನಬಸಪ್ಪ, ಗಾಂಧಿ ಬಜಾರ್, ಸೇವೆ.' ವೇಣಿ ಕೈ ತಟ್ಟಿದಳು. ನಾನು ಹೇಗೆ ಎಷ್ಟಕ್ಕೆ ಹೊಡೆದುಕೊಂಡು ಬಂದೆ ಎನ್ನುವುದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಗೆಲ್ಲ ಮುನಿಸ್ವಾಮಿಯ ಮಾತನ್ನೂ ಅಣಕಿಸಿ ತೋರಿಸಿ ನಗಿಸುತ್ತಿದ್ದೆ: 'ಇದು ಬೇಡ ಸಾಮಿ...' ಮೇಷ್ಟ್ರ ಎದುರಿಗೆ ಮಾತ್ರ ಆ ಭಾಗವನ್ನು ಬಿಟ್ಟು ಹೇಳುತ್ತಿದ್ದೆ. ಯಾಕೆ ಬಿಡುತ್ತಿದ್ದೆನೋ ಆಗ ಯೋಚಿಸಲಿಲ್ಲ.

ಮೊದಲ ವರ್ಷ ಏನೂ ಆಗಲಿಲ್ಲ. ಮರುವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ವೇಣಿಯನ್ನು ಕರೆದುಕೊಂಡು ಹೋಗಲು ಬಂದವನು ಹಾಲಿನಲ್ಲಿ ಕೂತಿದ್ದೆ. ಮೇಲೆ ಡಾನ್ಸ್ ಕ್ಲಾಸು. ಟೀಚರ ತಾಳದ ಕೋಲು ಟಕ್ ಟಕ್, ಅದರ ಹಿಂದೆಯೇ ಮಕ್ಕಳ ಕಾಲು ಧಪ್ ಧಪ್. ಕೇಳುತ್ತಾ ಕೂತಿದ್ದೆ. ಬೋಳುತಲೆಯ ಮೇಲೆ ಏನೋ ಬಿದ್ದಂತಾಯಿತು. ಮುಟ್ಟಿ ನೋಡಿದೆ, ಗಾರೆಯ ಪುಡಿ. ತಲೆ ಎತ್ತಿದೆ.

ನನ್ನ ಹೆಸರಿನಲ್ಲಿ 'ಚನ್ನ' ಮುಗಿದು 'ಬಸಪ್ಪ' ಶುರುವಾಗುವ ಕಡೆ, ಬಣ್ಣದ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ.

ಆಗ ಮುನಿಸ್ವಾಮಿಯ ದನಿ ಕಿವಿಯೊಳಗೆ ಕೇಳಿತು. ನಾನು ಅಣಕಿಸುತ್ತಿದ್ದ ದನಿಯಲ್ಲ, ಅವನದೇ ದನಿ. 'ಮೇಲೆ ಜನ ಓಡಾಡೋ ಜಾಗಕ್ಕೆ ಬೇಡ.' ಧಪ್ ಧಪ್. ಎದ್ದು ಗೋಡೆಯ ಪಕ್ಕಕ್ಕೆ ಹೋಗಿ ನಿಂತೆ. ನೋಡಿ, ಮೊದಲು ಮಾಡಿದ ಕೆಲಸ ಅದು. ನಾನು ಪಕ್ಕಕ್ಕೆ ಸರಿದೆ. ಮಕ್ಕಳು ಮೇಲೇ ಇದ್ದವು.

ಹೇಳಿಬಿಡಬಹುದಿತ್ತು. ಇವತ್ತು ನಿಮಗೆ ಹೇಳುತ್ತಿರುವಷ್ಟೇ ಸುಲಭವಾಗಿ, ಅಂದೇ, ಜಗಲಿಯಲ್ಲೇ ಇದ್ದ ಮೇಷ್ಟ್ರಿಗೆ. ಬಾಯಿ ಬರಲಿಲ್ಲ. ಇಡೀ ಶಿವಮೊಗ್ಗದಲ್ಲಿ ನನ್ನ ಆಸ್ತಿ ಅಂತ ಇದ್ದದ್ದು ಒಂದೇ, 'ಚನ್ನಬಸಪ್ಪನಿಗೆ ಮೋಸ ಮಾಡೋಕಾಗಲ್ಲ' ಅನ್ನುವ ಹೆಸರು. ಇಲ್ಲಿ ಮೋಸವೂ ಆಗಿರಲಿಲ್ಲ. ಎದುರಿಗೆ ನಿಂತು ನಿಜ ಹೇಳಿದ್ದ, ನಾನು ನಂಬಿರಲಿಲ್ಲ. ಇದನ್ನು ಯಾವ ಮುಖ ಹೊತ್ತು ಹೇಳುವುದು? ಬಣ್ಣ ಒಣಗಿ ಬಿಟ್ಟ ಗೆರೆ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮನೆಗೆ ಹೋಗುವಷ್ಟರಲ್ಲಿ ಆ ಸಮಾಧಾನ ಮುಗಿದಿತ್ತು.

ಮಾರನೆಯ ದಿನ ನನ್ನ ಹೆಸರಿನ ಧೂಳು ಒರೆಸುವ ನೆಪದಲ್ಲಿ ಏಣಿ ಹತ್ತಿ, ವೇಣಿಯ ನೋಟ್‌ಬುಕ್ಕಿನಿಂದ ಹರಿದ ಒಂದು ಕಾಗದದ ಪಟ್ಟಿಯನ್ನು ಗೆರೆಯ ಮೇಲೆ ಅಡ್ಡಲಾಗಿ ಮೈದಾ ಅಂಟಿನಿಂದ ಬಿಗಿಯಾಗಿ ಅಂಟಿಸಿದೆ. ಗೋಡೆಯ ಬಿರುಕು ಬೆಳೆಯುತ್ತಿದೆಯೇ ನೋಡಲು ಮೇಸ್ತ್ರಿಗಳು ಮಾಡುವ ಉಪಾಯ. ಕಾಗದ ಹರಿದರೆ ಬಿರುಕು ಬಾಯಿ ಬಿಟ್ಟಿದೆ ಎಂದರ್ಥ. ಕೆಳಗಿಳಿದಾಗ ಮೇಷ್ಟ್ರು ಕೇಳಿದರು: "ಏನಯ್ಯಾ, ಹೆಸರಿಗೆ ಬ್ಯಾಂಡೇಜು?"

"ಬಣ್ಣ ಎದ್ದಿತ್ತು ಮೇಷ್ಟ್ರೇ, ಒಣಗಲಿ ಅಂತ."

ಅಲ್ಲಿಂದ ನನ್ನ ಬದುಕು ಆ ನಾಲ್ಕು ಬೆರಳಗಲದ ಕಾಗದಕ್ಕೆ ಸಿಕ್ಕಿಕೊಂಡಿತು. ದಿನಕ್ಕೊಂದು ನೆಪ ಹುಡುಕಿ ಹೋಗುತ್ತಿದ್ದೆ. ಮೊಳೆ ಕೊಡಲು ಬಂದೆ, ಕೊಡೆ ಮರೆತಿದ್ದೆ, ಈ ಕಡೆ ಬಂದಿದ್ದೆ. ಹಾಲಿನ ಬಾಗಿಲಲ್ಲಿ ನಿಂತು ತಲೆ ಎತ್ತುವುದು, ಕಾಗದ ಸರಿಯಾಗಿದೆ ಎಂದು ಕಂಡರೆ ಉಸಿರು ಬಿಡುವುದು. ಆ ಉಸಿರು ಬಜಾರಿಗೆ ಬರುವವರೆಗೂ ಬಾಳುತ್ತಿರಲಿಲ್ಲ. ದೇವರ ಹತ್ತಿರವೂ ಚೌಕಾಸಿಗೆ ಇಳಿದೆ. ಈ ಬೇಸಿಗೆ ರಜ ಬರುವವರೆಗೆ ತಡೆದುಕೋ, ರಜದಲ್ಲಿ ಯಾರಿಗೂ ತಿಳಿಯದಂತೆ ಏನಾದರೂ ಮಾಡುತ್ತೇನೆ. ಆಗುವುದಿಲ್ಲವೇ, ಸಂಕ್ರಾಂತಿಯವರೆಗೆ. ಅದೂ ಇಲ್ಲವೇ, ಈ ವಾರ.

ಇನ್ನೊಂದು ಹೇಳಬೇಕು. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ವೇಣಿಗೆ ಕಾಲು ಸೋಲುತ್ತದೆ, ಡಾನ್ಸು ಬೇಡ ಎಂದು ಬಿಡಿಸಿದೆ. ನನ್ನ ಮಗಳೊಬ್ಬಳನ್ನು ಇಳಿಸಿಕೊಂಡೆ. ಉಳಿದ ಮಕ್ಕಳು ಕುಣಿಯುತ್ತಿದ್ದವು.

ನನ್ನ ಹೆಂಡತಿ ಗೌರಮ್ಮನದು ಮಾತು ಕಡಿಮೆ. ನೋಡುತ್ತಲೇ ಇದ್ದಳು. ವಾರ್ಷಿಕೋತ್ಸವಕ್ಕೆ ಎರಡು ದಿನ ಇದೆ ಎನ್ನುವಾಗ, ಬೆಳಿಗ್ಗೆ ರೊಟ್ಟಿ ಹಾಕುತ್ತಾ ಕೇಳಿದಳು:

"ರೀ, ಆ ಶಾಲೆಲಿ ಏನಾಗಿದೆ?"

"ಏನಾಗಿದೆ? ಏನೂ ಇಲ್ಲ."

"ಹುಡುಗಿ ಕಾಲು ಚೆನ್ನಾಗೇ ಇದೆ. ನಿನ್ನೆ ಬೇವಿನ ಮರ ಹತ್ತಿದ್ಲು."

"ಏನೂ ಇಲ್ಲ ಅಂದ್ನಲ್ಲ."

"ಏನೂ ಇಲ್ವಾ? ಹಾಗಾದ್ರೆ ಇವತ್ತು ರಿಹರ್ಸಲ್‌ಗೆ ಹೋಗ್ತಾಳೆ. ಟೀಚರು ನಿನ್ನೆ ಮನೆ ತನಕ ಬಂದು ಕೇಳಿ ಹೋದ್ರು." ರೊಟ್ಟಿ ಮಗುಚಿ ಹಾಕಿದಳು. "ಏನಾದ್ರೂ ಇದ್ರೆ ಈಗ್ಲೇ ಹೇಳಿ. ಎಲ್ಲಾ ಮಕ್ಕಳಿಗೂ ಹೇಳೋಣ."

ಎಷ್ಟೋ ಜನರ ಹತ್ತಿರ ವ್ಯಾಪಾರ ಮಾಡಿದ್ದೇನೆ. ಒಂದು ಪೈಸೆ ಹಿಂದಕ್ಕೂ ಮುಂದಕ್ಕೂ ಸರಿಯದ ಅಂಥ ಬೆಲೆಯನ್ನು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಟೋಪಿ ಹಾಕಿಕೊಂಡು ಅಂಗಡಿಗೆ ಹೋದೆ.

ಮಧ್ಯಾಹ್ನ ಕಿಟಕಿ ಕೊಳ್ಳಲು ಒಬ್ಬ ಬಂದ. ಬೆಲೆ ಹೇಳಿದೆ. ಅರ್ಧಕ್ಕೆ ಕೇಳಿದ. "ತಗೊಂಡು ಹೋಗಿ" ಎಂದೆ. ಅವನು ನನ್ನ ಮುಖ ನೋಡಿದ, ಕಿಟಕಿ ನೋಡಿದ, "ಗೆದ್ದಲು ಹಿಡಿದಿದ್ಯಾ?" ಎಂದ. ಇಲ್ಲ ಎಂದೆ. ನಂಬದೆ ಹೊರಟುಹೋದ. ಗಡಿಯಾರ ನೋಡಿದೆ. ರಿಹರ್ಸಲ್ಲಿನ ಹೊತ್ತು. ಅಂಗಡಿಯ ಹಲಗೆ ಬಾಗಿಲುಗಳನ್ನು ಕೂಡ ಹಾಕದೆ ಸೈಕಲ್ಲು ಹತ್ತಿದೆ. ದಾರಿಯುದ್ದಕ್ಕೂ ಯಾರಾದರೂ ಆ ಕಡೆಯಿಂದ ಓಡಿ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ. ಸೇತುವೆಯ ಹತ್ತಿರ ನಾಲ್ಕು ಜನ ಗುಂಪಾಗಿ ನಿಂತಿದ್ದರು. ಸೈಕಲ್ಲಿನಿಂದ ಹಾರಿ ನುಗ್ಗಿ ನೋಡಿದೆ. ಕಬ್ಬಿನ ಗಾಡಿಯ ಕೀಲು ಮುರಿದಿತ್ತು, ಅಷ್ಟೆ.

ಶಾಲೆಯ ಹೊರಗಿನಿಂದಲೇ ಕೇಳಿಸಿತು. ಅಂದು ಎಲ್ಲ ತರಗತಿಯವರೂ ಒಟ್ಟಿಗೆ ಇದ್ದರು. ಧಪ್ ಧಪ್ ಅಲ್ಲ, ಗುಡುಗು. ಹಾಲಿನ ಬಾಗಿಲಲ್ಲಿ ನಿಂತು ತಲೆ ಎತ್ತಿದೆ.

ಕಾಗದ ಎರಡಾಗಿತ್ತು. ಎರಡು ತುದಿಗಳ ನಡುವೆ ಕಪ್ಪಗೆ ಬಾಯಿ.

ಮೆಟ್ಟಿಲ ಬುಡಕ್ಕೆ ಓಡಿದವನು ಅಲ್ಲೇ ನಿಂತುಬಿಟ್ಟೆ. ಕೂಗಿದರೆ ಏನಾಗುತ್ತದೆ ಎಂದು ಹೊಳೆಯಿತು. ಅರವತ್ತು ಮಕ್ಕಳು ಹೆದರಿ, ಆ ಗರ್ಡರಿನ ನಟ್ಟ ನಡುವಿನ ಮೇಲಿಂದಲೇ, ಒಟ್ಟಿಗೆ ಮೆಟ್ಟಿಲಿಗೆ ನುಗ್ಗುತ್ತಾರೆ. ಕೂಗುವ ಹಾಗಿಲ್ಲ, ಸುಮ್ಮನಿರುವ ಹಾಗಿಲ್ಲ. ಅಂಗಳದಲ್ಲಿ ಮೇಷ್ಟ್ರು ಸುಣ್ಣದ ಡಬ್ಬಿ ಹಿಡಿದು ವಾರ್ಷಿಕೋತ್ಸವದ ಕುರ್ಚಿಗಳಿಗೆ ಗೆರೆ ಹಾಕುತ್ತಿದ್ದರು. ಅವರ ರಟ್ಟೆ ಹಿಡಿದು ಹಾಲಿಗೆ ಎಳೆದು ತಂದೆ.

"ಗರ್ಡರಲ್ಲಿ ಜೋಡಣೆ ಇದೆ ಮೇಷ್ಟ್ರೇ. ಅವನು ಹೇಳಿದ್ದ. ನಾನು ನಂಬಲಿಲ್ಲ. ಬಿಡ್ತಾ ಇದೆ."

ಮೇಷ್ಟ್ರು ಮೇಲೆ ನೋಡಿದರು.

"ನೀನು ಇಲ್ಲೇ ನಿಂತು ಕಾಗದ ನೋಡ್ತಾ ಇರು" ಎಂದರು. "ಇನ್ನೂ ಅಗಲ ಆದ್ರೆ ಮಾತ್ರ ಕೂಗು."

ಡಬ್ಬಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಓಡಲಿಲ್ಲ. ಮೇಲೆ ತಾಳದ ಕೋಲು ನಿಂತಿತು. ಕಾಲುಗಳು ನಿಂತವು. ನಂತರ ಅವರ ದನಿ, ಎಂದಿನ ಪಾಠದ ದನಿ:

"ಎಲ್ಲಾ ನಿಂತಲ್ಲೇ ನಿಂತ್ಕೊಳಿ. ಹೊಸ ಕೋಣೆ ಬರೀತಾ ಇದೀನಿ. ಉದ್ದನೇ ಕೋಣೆ. ಗೋಡೆ ದಾಟಿದವರಿಗೆ ನಾಡಿದ್ದು ಡಾನ್ಸ್ ಇಲ್ಲ."

ಅವರು ಏನು ಮಾಡಿದರೆಂದು ಆಮೇಲೆ ಕಂಡೆ. ತಾರಸಿಯ ಸುತ್ತ, ಕೆಳಗಿನ ಹಾಲಿನ ಗೋಡೆಗಳ ನೇರಕ್ಕೆ, ಒಬ್ಬರೇ ನಡೆಯುವಷ್ಟು ಅಗಲದ ಒಂದು ಓಣಿಯನ್ನು ಮೆಟ್ಟಿಲಿನವರೆಗೂ ಸುಣ್ಣದಲ್ಲಿ ಬರೆದಿದ್ದರು. ಗೋಡೆಯ ಮೇಲೆ ಭಾರ ಬಿದ್ದರೆ ಗರ್ಡರಿಗೆ ಭಾರವಿಲ್ಲ. ಮಕ್ಕಳು ನಿಂತಲ್ಲಿಂದ ಆ ಓಣಿಗೆ ಹತ್ತಿರದಲ್ಲೇ ಒಂದೊಂದು ಬಾಗಿಲು. "ಈ ಬಾಗಿಲಿಂದ ಮೊದಲು ಸಣ್ಣವರು. ಒಬ್ಬೊಬ್ಬರಾಗಿ. ಬೆಕ್ಕಿನ ಹಾಗೆ."

ಕೆಳಗೆ ನಾನು ಗರ್ಡರಿನ ಅಡಿಯಲ್ಲೇ ನಿಂತಿದ್ದೆ. ಪಕ್ಕಕ್ಕೆ ಸರಿಯಲಿಲ್ಲ, ಸರಿದರೆ ಕಾಗದ ಕಾಣುತ್ತಿರಲಿಲ್ಲ. ಮೇಲೆ ಪಾದಗಳು ಗೋಡೆಯತ್ತ ಸರಿಯುವ ಸದ್ದು. ಒಂದು ಪಕ್ಕಾಸು ಕಿರ್ ಎಂದಿತು. ಪುಡಿ ಉದುರಿ ಕಣ್ಣಿಗೆ ಬಿತ್ತು. ಕಣ್ಣುಜ್ಜಿದರೆ ಆ ಹೊತ್ತಿಗೇ ಬಾಯಿ ಅಗಲವಾದರೆ ಎಂದು ಹೆದರಿ ಉಜ್ಜಲಿಲ್ಲ. ನೀರು ಸುರಿಯುವ ಕಣ್ಣಿನಲ್ಲೇ ನನ್ನ ಹೆಸರನ್ನು ನೋಡುತ್ತಾ ನಿಂತೆ. ಮೆಟ್ಟಿಲಿನಿಂದ ಒಂದೊಂದೇ ಮಗು ಇಳಿದು ಅಂಗಳಕ್ಕೆ ಹೋಗುತ್ತಿತ್ತು. ಗೆಜ್ಜೆ ಕಟ್ಟಿದ ಕಾಲುಗಳು ಬೆಕ್ಕಿನ ಹಾಗೆ ನಡೆಯಲು ಹೆಣಗುತ್ತಿದ್ದವು. ಯಾರೂ ಓಡಲಿಲ್ಲ. ಬೇರೆ ಯಾವ ಶಾಲೆಯ ಮಕ್ಕಳಾದರೂ ಓಡುತ್ತಿದ್ದವು. ಇವರಿಗೆ ಸುಣ್ಣ ಅಂದರೆ ಗೋಡೆ, ಗೋಡೆ ದಾಟಲಾಗುವುದಿಲ್ಲ.

ವೇಣಿ ಉದ್ದ ಹುಡುಗಿ, ಹಿಂದಿನ ಸಾಲು. ಕೊನೆಗೆ ಬಂದಳು. ಅವಳ ಹಿಂದೆ ಟೀಚರು, ಅವರ ಹಿಂದೆ ಮೇಷ್ಟ್ರು. ಮೇಷ್ಟ್ರ ಕಾಲು ನೆಲಕ್ಕೆ ತಾಗಿದ ಮೇಲೆ ನಾನು ಅಲ್ಲಿಂದ ಕಿತ್ತುಕೊಂಡು ಅಂಗಳಕ್ಕೆ ಓಡಿದೆ. ಮಕ್ಕಳು ಕುರ್ಚಿಗಳಿಗೆಂದು ಬರೆದಿದ್ದ ಸುಣ್ಣದ ಚೌಕದೊಳಗೆ ಸಾಲಾಗಿ ಕೂತಿದ್ದವು. ನಾನು ನೇರ ಮಗಳ ಕಡೆಗೆ ನುಗ್ಗಿದೆ.

"ಅಪ್ಪಾ! ಗೋಡೆ! ಬಾಗಿಲಿಂದ ಬಾ" ಎಂದಳು ವೇಣಿ.

ಸುತ್ತಿ, ಬಾಗಿಲಿಂದ ಒಳಗೆ ಹೋದೆ. ಚಪ್ಪಲಿಯನ್ನೂ ಹೊರಗೆ ಬಿಟ್ಟೆ. ಅವಳ ಪಕ್ಕದಲ್ಲಿ, ಮಕ್ಕಳ ಸಾಲಿನಲ್ಲೇ ಕೂತೆ.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮೇಷ್ಟ್ರು ಬಂದು ಕೂತರು. "ಯಾವಾಗಿಂದ ಗೊತ್ತಿತ್ತು?"

"ದೀಪಾವಳಿ ಆದ ಮೇಲಿಂದ."

ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. "ಅಷ್ಟೂ ದಿನ ನಾನು ಹಾಜರಿ ಕೂಗಿದೀನಿ, ಚನ್ನಬಸಪ್ಪ" ಎಂದರು. ಅಷ್ಟೇ.

ಅಂದು ಸಂಜೆಯೇ ಮರದ ಊರುಗೋಲು ಕೊಟ್ಟು ಗರ್ಡರನ್ನು ನಿಲ್ಲಿಸಿದೆವು. ಮರುದಿನ ಓಲ್ಡ್ ಟೌನಿಗೆ ಹೋದೆ. ಗರ್ಡರಿನ ನಡುವಿಗೆ ಕೆಳಗಿನಿಂದ ಆನಿಸಲು ಒಂದು ಕಬ್ಬಿಣದ ಕಂಬ ಬೇಕಿತ್ತು. ಮುನಿಸ್ವಾಮಿಗೆ ಎಲ್ಲ ಹೇಳಿದೆ. ಕೊಟ್ಟಿಗೆಯಲ್ಲ, ಶಾಲೆ ಎಂದೂ ಹೇಳಿದೆ. ಅವನು ಎದ್ದು ಅಂಗಳದ ರಾಶಿಯ ನಡುವೆ ಹುಡುಕಿದ. ಆಮೇಲೆ ಒಂದು ಕಂಬ ತೋರಿಸಿ, "ಇದು ಒಂದೇ ಪೀಸು" ಎಂದ. ಬೆಲೆ ಹೇಳಿದ. ಸರಿ ಎಂದೆ.

"ಚೌಕಾಸಿ ಮಾಡಲ್ವಾ?"

"ಇಲ್ಲ."

"ಮೈ ಚೆನ್ನಾಗಿದ್ಯಾ ಅಣ್ಣಾ?" ಎಂದು ಹಣೆ ಮುಟ್ಟಿ ನೋಡಿದ. ಕೊನೆಗೆ ದುಡ್ಡು ತೆಗೆದುಕೊಳ್ಳಲೇ ಇಲ್ಲ. ಶಾಲೆಗೆ ಅಂತ ಮೊದಲೇ ಹೇಳಿದ್ದರೆ ಆ ತುಕ್ಕಿನ ಗರ್ಡರನ್ನೇ ಅರ್ಧಕ್ಕೆ ಕೊಡುತ್ತಿದ್ದನಂತೆ. ಕೊಳ್ಳುವವರಿಗೆ ಇದೂ ಒಂದು ಸಲಹೆ: ಏನಕ್ಕೆ ಬೇಕು ಎಂದು ಕೇಳಿದರೆ, ಹೇಳಿಬಿಡಿ.

ಆ ಕಂಬ ಇವತ್ತಿಗೂ ಹಾಲಿನ ನಟ್ಟ ನಡುವೆ, ವೇದಿಕೆಗೆ ಅಡ್ಡಲಾಗಿ ನಿಂತಿದೆ. ಅಷ್ಟು ಯೋಚಿಸಿ ಕಟ್ಟಿದವರು ಇಲ್ಲಿ ಯಾಕಪ್ಪಾ ಕಂಬ ಇಟ್ಟರು ಎಂದು ಹೊಸಬರು ಬೈದುಕೊಳ್ಳುತ್ತಾರೆ. ಅದರ ಮೇಲೆ ಮೇಷ್ಟ್ರ ದುಂಡು ಅಕ್ಷರ: 'ಮುನಿಸ್ವಾಮಿ, ಓಲ್ಡ್ ಟೌನ್, ಭದ್ರಾವತಿ, ಸೇವೆ.' ಮೇಲೆ ಗರ್ಡರಿನಲ್ಲಿ ನನ್ನ ಹೆಸರೂ ಹಾಗೇ ಇದೆ, ನಡುವೆ ಬಾಯಿ ಬಿಟ್ಟುಕೊಂಡು. ಅಳಿಸಿ ಎಂದು ಎಷ್ಟು ಬೇಡಿಕೊಂಡರೂ ಮೇಷ್ಟ್ರು ಅಳಿಸಲಿಲ್ಲ. ಕೊಟ್ಟವರ ಹೆಸರು ಬರೆಯುವುದು ಪದ್ಧತಿ ಎಂದರು.

ವೇಣಿ ಈಗ ಅಲ್ಲೇ ಡಾನ್ಸ್ ಟೀಚರು. ವಾರ್ಷಿಕೋತ್ಸವದಲ್ಲಿ ಆ ಕಂಬದ ಹಿಂದಿನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಏನೂ ಕಾಣುವುದಿಲ್ಲವಲ್ಲ. ಅದು ನನ್ನದು. ವೇದಿಕೆಯ ಮೇಲೆ ಮಗಳು ಎಡಕ್ಕೆ ಬಂದಾಗ ಒಂದು ಕೈ ಕಾಣುತ್ತದೆ, ಬಲಕ್ಕೆ ಹೋದಾಗ ಜಡೆ. ಮೇಲೆ ತಾರಸಿಯಲ್ಲಿ ಮುಂದಿನ ಕುಣಿತದ ಮಕ್ಕಳು ಕಾಲು ಬಡಿಯುತ್ತಿರುತ್ತಾರೆ. ನಾನು ಕಂಬದ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತೇನೆ. ಆ ಅಷ್ಟೂ ಕಾಲುಗಳು ಕಬ್ಬಿಣದೊಳಗಿಂದ ಇಳಿದು ನನ್ನ ಕೈಗೆ ಬರುತ್ತವೆ. ಚಪ್ಪಾಳೆ ಹೊಡೆಯುವಾಗ ಎಲ್ಲರೂ ಎರಡು ಕೈ ಎತ್ತುತ್ತಾರೆ. ನಾನು ಒಂದೇ ಕೈಯಿಂದ ತೊಡೆ ತಟ್ಟುತ್ತೇನೆ. ಇನ್ನೊಂದನ್ನು ಕಂಬದಿಂದ ತೆಗೆಯಲು ಇವತ್ತಿಗೂ ಧೈರ್ಯವಿಲ್ಲ.